ಪರದೆಯ ಅಳತೆ ಮೊದಲು, ಪ್ರೊಜೆಕ್ಟರ್ ಕೊನೆಗೆ

ಪ್ರಶ್ನೆ: ಮನೆಯ ಒಂದು ಕೋಣೆಯನ್ನು ಸಿನಿಮಾ ನೋಡಲೆಂದೇ ಬಿಟ್ಟುಕೊಂಡಿದ್ದೇವೆ. 18 ಅಡಿ ಉದ್ದ, 12 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರ. ಒಂದು ಕಿಟಕಿ ಇದೆ. 12 ಅಡಿಯ ಗೋಡೆಗೆ 120 ಇಂಚಿನ ಪರದೆ ಹಾಕಿ, ಅದರಿಂದ 12 ಅಡಿ ದೂರಕ್ಕೆ ಸೋಫಾ ಹಾಕಬೇಕೆಂದಿದ್ದೇವೆ. ಪರದೆಯ ಗೋಡೆಯಿಂದ 11 ಅಡಿ ದೂರದಲ್ಲಿ, ಸೂರಿನಿಂದ ಒಂದು ಅಡಿ ಕೆಳಗಿಳಿದಿರುವ ಕಾಂಕ್ರೀಟ್ ತೊಲೆಯೊಂದು ಕೋಣೆಗೆ ಅಡ್ಡಲಾಗಿ ಹಾದುಹೋಗಿದೆ. "ಲ್ಯೂಮೆನ್ ಜಾಸ್ತಿ ಇರೋ 4ಕೆ ಪ್ರೊಜೆಕ್ಟರ್ ತಗೊಳ್ಳಿ, ಎಲ್ಲಿಟ್ಟರೂ ಕೀಸ್ಟೋನ್‌ನಲ್ಲಿ ಸರಿ ಮಾಡ್ಕೋಬಹುದು" ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಇನ್ನೊಬ್ಬರು ಗೋಡೆಯ ಪಕ್ಕದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಒಳ್ಳೆಯದು ಅನ್ನುತ್ತಾರೆ. ಯಾವ ಬಗೆಯದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು?

ಉತ್ತರ: ಕೊಳ್ಳುವ ಮೊದಲೇ ಕೇಳಿದಿರಿ, ಅದೂ ತೊಲೆಯ ಅಳತೆಯ ಸಮೇತ. ಬಹಳ ಜನ ಪೆಟ್ಟಿಗೆ ಮನೆಗೆ ಬಂದ ಮೇಲೆ "ಇದನ್ನು ಎಲ್ಲಿ ತೂಗುಹಾಕುವುದು" ಎಂದು ಕೇಳುತ್ತಾರೆ. ಆಗ ಇರುವುದರಲ್ಲೇ ಹೊಂದಿಸಿಕೊಳ್ಳಿ ಎನ್ನುವುದು ಬಿಟ್ಟರೆ ಬೇರೆ ದಾರಿ ಉಳಿದಿರುವುದಿಲ್ಲ.

ನಿಮ್ಮ ಮೊದಲ ಪರಿಚಯದವರ ಮಾತಿನ ಎರಡು ಭಾಗವನ್ನೂ ನಾನು ಒಪ್ಪುವುದಿಲ್ಲ. ಕತ್ತಲೆ ಮಾಡಬಹುದಾದ ಕೋಣೆಗೆ ಲ್ಯೂಮೆನ್, ಅಂದರೆ ಪ್ರೊಜೆಕ್ಟರ್ ಸೂಸುವ ಬೆಳಕಿನ ಪ್ರಮಾಣ, ಮುಖ್ಯ ಅಳತೆಗೋಲಲ್ಲ. ಸೊಟ್ಟಗೆ ಬಿದ್ದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಎನ್ನುವುದು ಹೋಮ್ ಥಿಯೇಟರಿನಲ್ಲಿ ಮುಟ್ಟಲೇಬಾರದ ಗುಂಡಿ. ನೀವು ಎಲ್ಲಿ ಕೂರುತ್ತೀರಿ, ಅಲ್ಲಿಗೆ ಎಷ್ಟು ದೊಡ್ಡ ಪರದೆ ಒಪ್ಪುತ್ತದೆ, ಆ ಪರದೆಗೆ ಪ್ರೊಜೆಕ್ಟರ್ ಎಲ್ಲಿ ನಿಲ್ಲಬಹುದು ಎಂಬುದು ಮೊದಲು ತೀರ್ಮಾನವಾಗಲಿ. ಆ ಜಾಗಕ್ಕೆ ಹೊಂದುವ ಲೆನ್ಸ್ ಯಾವ ಮಾದರಿಯಲ್ಲಿದೆಯೋ ಅದನ್ನು ಕೊಳ್ಳಿ. ಈ ಕ್ರಮದಲ್ಲೇ ನಿಮ್ಮ ಕೋಣೆಯನ್ನು ಅಳೆಯುತ್ತಾ ಹೋಗೋಣ.

ಪರದೆ ಎಷ್ಟು ದೊಡ್ಡದಿರಲಿ?

16:9 ಆಕಾರದ ಪರದೆಯಲ್ಲಿ, ಮೂಲೆಯಿಂದ ಮೂಲೆಗಿನ ಅಳತೆಯನ್ನು 0.87ರಿಂದ ಗುಣಿಸಿದರೆ ಅಗಲ, 0.49ರಿಂದ ಗುಣಿಸಿದರೆ ಎತ್ತರ ಸಿಗುತ್ತದೆ. 120 ಇಂಚಿನ ಪರದೆ ಸುಮಾರು 8 ಅಡಿ 9 ಇಂಚು ಅಗಲ, 4 ಅಡಿ 11 ಇಂಚು ಎತ್ತರ. 110 ಇಂಚಿನದು 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. 100 ಇಂಚಿನದು 7 ಅಡಿ 3 ಇಂಚು ಅಗಲ, 4 ಅಡಿ 1 ಇಂಚು ಎತ್ತರ. ಚೌಕಟ್ಟಿನ ಕಪ್ಪು ಅಂಚು ಇದರ ಮೇಲೆ ಬೇರೆ.

ಪರದೆ ಸಾಕಷ್ಟು ದೊಡ್ಡದೇ ಎಂಬುದು ನಿಮ್ಮ ಕಣ್ಣಿಗೆ ಅದು ಎಷ್ಟು ಡಿಗ್ರಿ ಅಗಲವಾಗಿ ಕಾಣುತ್ತದೆ ಎಂಬುದರ ಮೇಲೆ ನಿಂತಿದೆ. ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಂಪಿಟಿಇ ಹೆಸರಿನಲ್ಲಿ ಎಲ್ಲರೂ ಹೇಳುವ ಲೆಕ್ಕ 30 ಡಿಗ್ರಿ. ಸಿನಿಮಾದ ಧ್ವನಿ, ಚಿತ್ರಗಳ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಟಿಎಚ್‌ಎಕ್ಸ್‌ನ ಲೆಕ್ಕ 40 ಡಿಗ್ರಿ. 30ಕ್ಕಿಂತ ಕಡಿಮೆಯಾದರೆ ದೊಡ್ಡ ಟಿವಿ ನೋಡಿದ ಹಾಗೆ, 40 ದಾಟಿದರೆ ಕೆಲವರಿಗೆ ಕಣ್ಣು ಆ ಕಡೆ ಈ ಕಡೆ ಓಡಿಸಿ ಆಯಾಸ. 12 ಅಡಿ ದೂರದಿಂದ 100 ಇಂಚು ಸುಮಾರು 34 ಡಿಗ್ರಿ, 110 ಇಂಚು 37 ಡಿಗ್ರಿ, 120 ಇಂಚು 40 ಡಿಗ್ರಿ ಆಗುತ್ತದೆ. ಅಂದರೆ ನಿಮ್ಮ ಆಸೆ ತಪ್ಪಲ್ಲ, ಆದರೆ ಮಿತಿಯ ಅಂಚಿಗೆ ಬಂದು ನಿಂತಿದೆ.

ನನ್ನ ಆಯ್ಕೆ 110 ಇಂಚು. ಕಾರಣ ಗೋಡೆಯ ಅಗಲ. 12 ಅಡಿಯಲ್ಲಿ 8 ಅಡಿ 9 ಇಂಚು ಪರದೆಗೇ ಹೋದರೆ ಎರಡೂ ಬದಿಗೆ ತಲಾ ಒಂದೂವರೆ ಅಡಿ ಚಿಲ್ಲರೆ ಉಳಿಯುತ್ತದೆ. ಅಷ್ಟರಲ್ಲಿ ಸ್ಪೀಕರ್ ಇಟ್ಟರೆ ಅದು ಪಕ್ಕದ ಗೋಡೆಗೆ ಒತ್ತಿಕೊಳ್ಳುತ್ತದೆ, ಧ್ವನಿ ಕೆಡುತ್ತದೆ. 110 ಇಂಚಿನಲ್ಲಿ ತಲಾ ಎರಡು ಅಡಿ ಸಿಗುತ್ತದೆ. ಜೊತೆಗೆ ಪರದೆಯ ವಿಸ್ತೀರ್ಣ 43 ಚದರಡಿಯಿಂದ 36ಕ್ಕೆ ಇಳಿಯುವುದರಿಂದ, ಅದೇ ಪ್ರೊಜೆಕ್ಟರಿನ ಬೆಳಕು ಶೇ. 19ರಷ್ಟು ಹೆಚ್ಚು ಗಾಢವಾಗಿ ಬೀಳುತ್ತದೆ. ನಂಬಿಕೆ ಬರದಿದ್ದರೆ ಗೋಡೆಯ ಮೇಲೆ ಮೂರೂ ಅಳತೆಯನ್ನು ಮಾಸ್ಕಿಂಗ್ ಟೇಪಿನಲ್ಲಿ ಗುರುತು ಮಾಡಿ, 12 ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಸ್ವಲ್ಪ ಹೊತ್ತು ಕುಳಿತು ನೋಡಿ. ಮನೆಮಂದಿಯನ್ನೂ ಕೂರಿಸಿ. ಆ ಕುರ್ಚಿಯಲ್ಲಿ ಕುಳಿತಾಗ ಬರುವ ಅಭಿಪ್ರಾಯಕ್ಕೆ ನನ್ನ ಡಿಗ್ರಿಗಳಿಗಿಂತ ಬೆಲೆ ಹೆಚ್ಚು.

ಎತ್ತರದ ವಿಷಯದಲ್ಲಿ ತಪ್ಪುವವರೇ ಹೆಚ್ಚು. ಚಿತ್ರಮಂದಿರದ ನೆನಪಿನಲ್ಲಿ ಪರದೆಯನ್ನು ಸೂರಿನ ಹತ್ತಿರಕ್ಕೆ ಏರಿಸಿಬಿಡುತ್ತಾರೆ, ಎರಡು ಗಂಟೆಯ ಸಿನಿಮಾ ಮುಗಿಯುವಷ್ಟರಲ್ಲಿ ಕತ್ತು ನೋಯುತ್ತದೆ. ಸೋಫಾದಲ್ಲಿ ಒರಗಿ ಕುಳಿತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಆ ಮಟ್ಟ ಪರದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಬಂದರೆ ಹಿತ. ನಿಮ್ಮ ನಾಲ್ಕೂವರೆ ಅಡಿ ಎತ್ತರದ ಪರದೆಯಲ್ಲಿ ಕೆಳಗಿನ ಮೂರನೇ ಭಾಗ ಎಂದರೆ ಒಂದೂವರೆ ಅಡಿ. ಹಾಗಾಗಿ ಕೆಳಅಂಚು ನೆಲದಿಂದ 2 ಅಡಿ, ಮೇಲಂಚು ಆರೂವರೆ ಅಡಿ. ನಡುವಿನ ಸ್ಪೀಕರಿಗೆ ಕೆಳಗೆ ಬೇಕಾದಷ್ಟು ಜಾಗವೂ ಸಿಕ್ಕಿತು. ಈ ಆರೂವರೆ ಅಡಿ ಎಂಬ ಅಂಕಿಯನ್ನು ನೆನಪಿಡಿ, ಪ್ರೊಜೆಕ್ಟರಿನ ಜಾಗವನ್ನು ನಿರ್ಧರಿಸುವುದು ಅದೇ.

ಕೀಸ್ಟೋನ್ ಏಕೆ ಬೇಡ?

ಪ್ರೊಜೆಕ್ಟರನ್ನು ಓರೆಯಾಗಿಟ್ಟರೆ ಚಿತ್ರದ ಒಂದು ಅಂಚು ಅಗಲವಾಗಿ, ಇನ್ನೊಂದು ಕಿರಿದಾಗಿ ಬೀಳುತ್ತದೆ. ಕೀಸ್ಟೋನ್ ಮಾಡುವುದಿಷ್ಟೆ: ಒಳಗಿನ ಪ್ಯಾನಲ್ ಮೇಲೆ ಚಿತ್ರವನ್ನು ಅದಕ್ಕೆ ತದ್ವಿರುದ್ಧವಾಗಿ ಕುಗ್ಗಿಸಿ ಬರೆಯುತ್ತದೆ. ಒಂದು ಅಂಚು ಶೇ. 15ರಷ್ಟು ಅಗಲವಾಗಿ ಬೀಳುತ್ತಿದೆ ಎಂದುಕೊಳ್ಳಿ. ಅದನ್ನು ನೇರ ಮಾಡಬೇಕಾದರೆ 1920 ಚುಕ್ಕೆಗಳ ಸಾಲನ್ನು ಸುಮಾರು 1670 ಚುಕ್ಕೆಗಳಲ್ಲಿ ತುರುಕಬೇಕು. ಉಳಿದ ಚುಕ್ಕೆಗಳು ಕಪ್ಪಾಗಿರುತ್ತವೆ, ಅವುಗಳ ಪಾಲಿನ ಬೆಳಕು ವ್ಯರ್ಥ. ಪ್ರತಿ ಸಾಲೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಸಣ್ಣ ಅಕ್ಷರಗಳ ಅಂಚು ಮಸುಕಾಗುತ್ತದೆ. ಪೂರ್ತಿ ಕಪ್ಪನ್ನು ಯಾವ ಪ್ರೊಜೆಕ್ಟರೂ ಕೊಡಲಾರದು. ಆದ್ದರಿಂದ ಬಳಸದೆ ಬಿಟ್ಟ ಭಾಗ ಕತ್ತಲ ಕೋಣೆಯಲ್ಲಿ ಪರದೆಯ ಆಚೆ ಬೂದು ಬಣ್ಣದ ತ್ರಿಕೋನವಾಗಿ ಗೋಡೆಯ ಮೇಲೆ ಕಾಣುತ್ತಲೇ ಇರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದು ಕಷ್ಟ.

ಲೆನ್ಸ್ ಶಿಫ್ಟ್ ಇದಕ್ಕೆ ಸರಿಯಾದ ಪರಿಹಾರ. ಇಲ್ಲಿ ಪ್ರೊಜೆಕ್ಟರ್ ಪರದೆಗೆ ನೇರವಾಗಿಯೇ ಇರುತ್ತದೆ, ಒಳಗೆ ಲೆನ್ಸ್ ಮಾತ್ರ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಯುತ್ತದೆ. ಒಂದು ಚುಕ್ಕೆಯೂ ನಷ್ಟವಾಗುವುದಿಲ್ಲ. ಎರಡು ಮಾದರಿಗಳ ನಡುವೆ ತೂಗಾಡುತ್ತಿದ್ದರೆ, 500 ಲ್ಯೂಮೆನ್ ಹೆಚ್ಚಿರುವುದನ್ನು ಬಿಟ್ಟು ಲೆನ್ಸ್ ಶಿಫ್ಟ್ ಹೆಚ್ಚಿರುವುದನ್ನು ಕೊಳ್ಳಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಅದರ ಅಂಕಿಯನ್ನು ಓದುವುದು ಹೇಗೆಂದು ತಿಳಿದಿರಲಿ. ಮೇಲೆ ಕೆಳಗೆ ಶೇ. 80 ಎಂದು ಬರೆದಿದ್ದರೆ, ಚಿತ್ರದ ಎತ್ತರದ ಶೇ. 80ರಷ್ಟು ಸರಿಸಬಹುದು ಎಂದರ್ಥ. ಮೊದಲ ಶೇ. 50ರಲ್ಲಿ ಲೆನ್ಸ್ ಚಿತ್ರದ ನಡುಮಟ್ಟದಿಂದ ಮೇಲಂಚಿನ ಮಟ್ಟಕ್ಕೆ ಬರುತ್ತದೆ. ಉಳಿದ ಶೇ. 30 ಮಾತ್ರ ಮೇಲಂಚಿಗಿಂತ ಮೇಲೆ ಸಿಗುವ ಅವಕಾಶ. ನಾಲ್ಕೂವರೆ ಅಡಿ ಎತ್ತರದ ಚಿತ್ರಕ್ಕೆ ಇದು ಒಂದು ಅಡಿ ನಾಲ್ಕು ಇಂಚು. ಎಲ್ಲ ತಯಾರಕರೂ ಒಂದೇ ರೀತಿ ಲೆಕ್ಕ ಹಾಕುವುದಿಲ್ಲ, ಆದ್ದರಿಂದ ಕೈಪಿಡಿಯಲ್ಲಿರುವ ಚಿತ್ರವನ್ನು ನೋಡಿಯೇ ಅರ್ಥಮಾಡಿಕೊಳ್ಳಿ. ಇನ್ನೊಂದು ಸೂಕ್ಷ್ಮ: ಮೇಲಕ್ಕೆ ಪೂರ್ತಿ ಸರಿಸಿದಾಗ ಪಕ್ಕಕ್ಕೆ ಸರಿಸಲು ಅವಕಾಶ ತೀರಾ ಕಡಿಮೆಯಾಗುತ್ತದೆ. ಕೊನೆಯ ತುದಿಯವರೆಗೆ ಸರಿಸಿದರೆ ಮೂಲೆಗಳ ಫೋಕಸ್ ಸ್ವಲ್ಪ ಸಡಿಲವಾಗುವುದೂ ಉಂಟು. ಪೂರ್ತಿ ಬಳಸದೆ ಒಂದಿಷ್ಟು ಉಳಿಸಿಕೊಳ್ಳುವುದು ಜಾಣತನ.

ಈಗ ಪ್ರೊಜೆಕ್ಟರಿನ ಜಾಗ

ಲೆನ್ಸಿನಿಂದ ಪರದೆಗಿರುವ ದೂರವನ್ನು ಪರದೆಯ ಅಗಲದಿಂದ ಭಾಗಿಸಿದರೆ ಬರುವುದೇ ಥ್ರೋ ರೇಶಿಯೊ. ಭಾಗಿಸಬೇಕಾದ್ದು ಅಗಲದಿಂದ, ಕರ್ಣದಿಂದ ಅಲ್ಲ. ಗಡಿಬಿಡಿಯಲ್ಲಿ ಇದು ಅದಲುಬದಲಾಗುತ್ತದೆ.

ನಿಮ್ಮ ಕೋಣೆಯಲ್ಲಿ ಎರಡು ಜಾಗಗಳಿವೆ. ಮೊದಲನೆಯದು ತೊಲೆಯ ಈಚೆ, ಅಂದರೆ ಪರದೆಯಿಂದ ಹತ್ತು ಅಡಿಯ ಆಸುಪಾಸು. ಮನೆಬಳಕೆಯ ಹಲವು ಡಿಎಲ್‌ಪಿ (ಸೂಕ್ಷ್ಮ ಕನ್ನಡಿಗಳ ಚಿಪ್ ಬಳಸುವ) ಪ್ರೊಜೆಕ್ಟರುಗಳ ಥ್ರೋ ರೇಶಿಯೊ 1.2ರಿಂದ 1.5ರ ಸುತ್ತ ಇರುತ್ತದೆ. 8 ಅಡಿ ಅಗಲಕ್ಕೆ ಅವುಗಳನ್ನು ಒಂಬತ್ತೂವರೆಯಿಂದ 12 ಅಡಿಯೊಳಗೆ ಇಡಬೇಕು. ಸಮಸ್ಯೆ ಇರುವುದು ಎತ್ತರದಲ್ಲಿ. ಇವುಗಳಲ್ಲಿ ಬಹಳಷ್ಟಕ್ಕೆ ಲೆನ್ಸ್ ಶಿಫ್ಟ್ ಇಲ್ಲ, ಅಥವಾ ಹೆಸರಿಗಷ್ಟೇ ಇದೆ. ಚಿತ್ರ ಲೆನ್ಸಿಗಿಂತ ಎಷ್ಟು ಕೆಳಗೆ ಶುರುವಾಗಬೇಕು ಎಂಬುದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಅದು ಚಿತ್ರದ ಎತ್ತರದ ಶೇ. 10 ಎಂದಿಟ್ಟುಕೊಂಡರೆ ಲೆನ್ಸ್ ಪರದೆಯ ಮೇಲಂಚಿಗಿಂತ ಐದೂವರೆ ಇಂಚು ಮೇಲೆ, ಅಂದರೆ ನೆಲದಿಂದ 7 ಅಡಿಗೆ ಬರಬೇಕು. ನಿಮ್ಮ ಸೂರು ಒಂಬತ್ತೂವರೆ ಅಡಿಯಲ್ಲಿದೆ. ಎರಡೂವರೆ ಅಡಿಯ ಕೊಳವೆಯ ತುದಿಯಲ್ಲಿ, ನಿಮ್ಮ ಕಣ್ಣೆದುರೇ, ಪ್ರೊಜೆಕ್ಟರ್ ನೇತಾಡುತ್ತದೆ. ಕೊಳವೆ ಉದ್ದವಾದಷ್ಟೂ ನಡುಕ ಹೆಚ್ಚು. ಫ್ಯಾನಿನ ಸದ್ದಂತೂ ಸೋಫಾದ ಎದುರಿನಿಂದಲೇ ಬರುತ್ತಿರುತ್ತದೆ, ಮೆಲುದನಿಯ ಸಂಭಾಷಣೆಯ ಹೊತ್ತಿನಲ್ಲಿ ಅದು ಕಿವಿಗೆ ಬೀಳದೆ ಇರದು.

ಎರಡನೆಯದು ಹಿಂದಿನ ಗೋಡೆ. ಪ್ರೊಜೆಕ್ಟರಿನ ಉದ್ದಕ್ಕೆ ಒಂದೂವರೆ ಅಡಿ, ಅದರ ಹಿಂದೆ ತಂತಿಗಳಿಗೂ ಗಾಳಿಗೂ ಅರ್ಧ ಅಡಿ ಬಿಟ್ಟರೆ ಲೆನ್ಸ್ ಪರದೆಯಿಂದ 16 ಅಡಿಗೆ ಬರುತ್ತದೆ. 16ನ್ನು 8ರಿಂದ ಭಾಗಿಸಿದರೆ 2.0. ಉದ್ದ ಝೂಮ್ ಲೆನ್ಸಿನ ಹೋಮ್ ಥಿಯೇಟರ್ ಮಾದರಿಗಳಲ್ಲಿ 1.35ರಿಂದ 2.8ರವರೆಗಿನ ವ್ಯಾಪ್ತಿ ಸಾಮಾನ್ಯ. ನೀವು ಅದರ ನಡುಭಾಗದಲ್ಲೇ ಇದ್ದೀರಿ. ಇದು ಒಳ್ಳೆಯ ಜಾಗ. ಹತ್ತಿರ ಇಟ್ಟರೆ ಲೆನ್ಸ್ ಹೆಚ್ಚು ಬೆಳಕು ಹಾಯಿಸುತ್ತದೆ, ದೂರ ಇಟ್ಟರೆ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ನಡುವಿನ ವ್ಯತ್ಯಾಸ) ತುಸು ಹೆಚ್ಚಿ ಬೆಳಕು ಇಳಿಯುತ್ತದೆ. ಉದ್ದ ಝೂಮ್ ಲೆನ್ಸುಗಳಲ್ಲಿ ಈ ಎರಡು ತುದಿಗಳ ನಡುವೆ ಬೆಳಕು ಮೂರನೇ ಒಂದು ಭಾಗದಷ್ಟು ವ್ಯತ್ಯಾಸವಾಗಬಹುದು. ನಡುವೆ ಇದ್ದರೆ ಎರಡರಲ್ಲೂ ಹೆಚ್ಚು ಕಳೆದುಕೊಳ್ಳುವುದಿಲ್ಲ.

ನನ್ನ ಸಲಹೆ ಇದು: ಹಿಂದಿನ ಗೋಡೆಯಲ್ಲಿ ಗಟ್ಟಿಯಾದ ಶೆಲ್ಫ್ ಮಾಡಿಸಿ, ಲೆನ್ಸ್ ನೆಲದಿಂದ ಏಳೂವರೆ ಅಡಿಗೆ ಬರುವಂತೆ ಪ್ರೊಜೆಕ್ಟರನ್ನು ನೆಟ್ಟಗೆ ಕೂರಿಸಿ. ಪರದೆಯ ಮೇಲಂಚಿಗಿಂತ ಅದು ಒಂದು ಅಡಿ ಮೇಲಾಯಿತು. ಬೇಕಾದ ಶಿಫ್ಟ್ ಸುಮಾರು ಶೇ. 72. ಶೇ. 80 ಇರುವ ಲೆನ್ಸಿಗೆ ಇದು ನಿಭಾಯಿಸುವಂಥದ್ದೇ.

ತೊಲೆ ಅಡ್ಡ ಬರುತ್ತದೆಯೇ? ಲೆಕ್ಕ ಹಾಕಿದೆ. ಏಳೂವರೆ ಅಡಿಯಿಂದ ಹೊರಟು ಪರದೆಯ ಮೇಲಂಚಿನ ಆರೂವರೆ ಅಡಿಗೆ ಇಳಿಯುವ ಕಿರಣ, 11 ಅಡಿ ದೂರದ ತೊಲೆಯ ಬಳಿ ಸುಮಾರು 7 ಅಡಿ 2 ಇಂಚು ಎತ್ತರದಲ್ಲಿರುತ್ತದೆ. ತೊಲೆಯ ತಳ ಎಂಟೂವರೆ ಅಡಿಯಲ್ಲಿದೆ. ಒಂದು ಅಡಿಗೂ ಹೆಚ್ಚು ಅಂತರ, ಚಿಂತೆಯಿಲ್ಲ. ಪರದೆಯ ಕೆಳಅಂಚಿಗೆ ಹೋಗುವ ಕಿರಣ ಸೋಫಾದ ಮೇಲೆ 6 ಅಡಿ 1 ಇಂಚಿನಲ್ಲಿ ಹಾಯುತ್ತದೆ. ಅಂದರೆ ಯಾರಾದರೂ ಸೋಫಾದಿಂದ ಎದ್ದು ನಿಂತರೂ ಹೆಚ್ಚಿನವರ ತಲೆಯ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ. ಮುಂದಕ್ಕೆ ನಡೆದರೆ ಬೀಳುತ್ತದೆ, ಅದಕ್ಕೆ ಮದ್ದಿಲ್ಲ.

ಲೆಕ್ಕವನ್ನಷ್ಟೇ ನಂಬಿ ಗೋಡೆಗೆ ರಂಧ್ರ ಕೊರೆಯಬೇಡಿ. ಒಂದು ದಾರ ತೆಗೆದುಕೊಳ್ಳಿ. ಲೆನ್ಸ್ ಬರಬೇಕಾದ ಬಿಂದುವಿನಲ್ಲಿ ಒಬ್ಬರು ಏಣಿ ಹತ್ತಿ ದಾರದ ತುದಿ ಹಿಡಿಯಲಿ, ಇನ್ನೊಬ್ಬರು ಟೇಪಿನಲ್ಲಿ ಗುರುತು ಮಾಡಿದ ಪರದೆಯ ನಾಲ್ಕು ಮೂಲೆಗೂ ಒಂದೊಂದಾಗಿ ಎಳೆದು ಹಿಡಿಯಲಿ. ದಾರ ತೊಲೆಗೆ, ಫ್ಯಾನಿನ ರೆಕ್ಕೆಗೆ, ತೂಗುದೀಪಕ್ಕೆ, ತೆರೆದ ಬಾಗಿಲಿನ ಮೇಲ್ತುದಿಗೆ ತಾಗುತ್ತದೆಯೇ ನೋಡಿ. ತಾಗದಿದ್ದರೆ ಬೆಳಕೂ ತಾಗುವುದಿಲ್ಲ. ಪಕ್ಕಕ್ಕೂ ಗಮನ ಕೊಡಿ. ಪರದೆಯ ನಡುಗೆರೆಯ ನೇರಕ್ಕೇ ಲೆನ್ಸ್ ಇರಲಿ. ಕೆಲವು ಮಾದರಿಗಳಲ್ಲಿ ಲೆನ್ಸ್ ಪೆಟ್ಟಿಗೆಯ ಒಂದು ಬದಿಗಿರುತ್ತದೆ, ಆಗ ಪೆಟ್ಟಿಗೆಯ ನಡುವನ್ನು ಗೋಡೆಯ ನಡುವಿಗೆ ತಂದರೆ ತಪ್ಪಾಗುತ್ತದೆ.

ಅಲ್ಟ್ರಾ ಶಾರ್ಟ್ ಥ್ರೋ ಬಗ್ಗೆ

ಅದು ಹಗಲು ಬೆಳಕಿರುವ ನಡುಮನೆಯಲ್ಲಿ, ಟಿವಿಯ ಜಾಗದಲ್ಲಿ ದೊಡ್ಡ ಚಿತ್ರ ಬೇಕೆನ್ನುವವರಿಗೆ ಸೊಗಸಾದ ವ್ಯವಸ್ಥೆ. ನಿಮ್ಮ ಕೋಣೆಗೆ ನಾನು ಶಿಫಾರಸು ಮಾಡುವುದಿಲ್ಲ. 0.25ರ ಸುತ್ತ ಥ್ರೋ ರೇಶಿಯೊ ಇರುವುದರಿಂದ ಅದು ಪರದೆಯ ಕೆಳಗೇ, ನಡುವಿನ ಸ್ಪೀಕರ್ ಇರಬೇಕಾದ ಜಾಗದಲ್ಲೇ ಬಂದು ಕೂರುತ್ತದೆ. ಬೆಳಕು ಅತಿ ಓರೆಯಾಗಿ ಬೀಳುವುದರಿಂದ ಪರದೆಯ ಸಣ್ಣ ಅಲೆಯೂ ಚಿತ್ರದಲ್ಲಿ ಎದ್ದು ಕಾಣುತ್ತದೆ. ಸೆಂಟಿಮೀಟರಿಗಿಂತ ಕಡಿಮೆ ಅಲುಗಾಡಿದರೂ ಮೂಲೆ ಸೊಟ್ಟಗಾಗುತ್ತದೆ. ಅದಕ್ಕೆಂದೇ ಮಾಡಿದ, ಮೇಲಿನ ಬೆಳಕನ್ನು ತಡೆಯುವ ಗಟ್ಟಿ ಪರದೆ ಬೇರೆ ಬೇಕು. ಕತ್ತಲೆ ಮಾಡಿಕೊಳ್ಳಬಲ್ಲ ಕೋಣೆಯಲ್ಲಿ ಅಂಥ ಪರದೆಗೆ ಕೊಟ್ಟ ಹಣ ಒಳ್ಳೆಯ ಲೆನ್ಸಿಗೆ ಹೋಗಲಿ.

ಬೆಳಕು ಎಷ್ಟು ಬೇಕು?

ಡಿಜಿಟಲ್ ಚಿತ್ರಮಂದಿರಗಳಿಗೆ ನಿಗದಿಯಾದ ಬೆಳಕಿನ ಮಟ್ಟ 14 ಫುಟ್ ಲ್ಯಾಂಬರ್ಟ್, ಅಂದರೆ 48 ನಿಟ್. ಅಳೆಯುವುದು ಸುಲಭ: ಪರದೆಯ ಮೇಲೆ ಬೀಳುವ ಲ್ಯೂಮೆನ್‌ಗಳನ್ನು ಚದರಡಿ ವಿಸ್ತೀರ್ಣದಿಂದ ಭಾಗಿಸಿ, ಪರದೆಯ ಗೇನ್‌ನಿಂದ (ಬಿದ್ದ ಬೆಳಕನ್ನು ಪರದೆ ಎಷ್ಟು ಹಿಂದಿರುಗಿಸುತ್ತದೆ ಎಂಬ ಅಂಕಿ) ಗುಣಿಸಿ. 1.0 ಗೇನ್ ಇರುವ 36 ಚದರಡಿ ಬಿಳಿ ಪರದೆಗೆ ಸುಮಾರು 500 ಲ್ಯೂಮೆನ್ ಬಿದ್ದರೆ ಚಿತ್ರಮಂದಿರದ ಮಟ್ಟ ಸಿಕ್ಕಿತು. ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಸಿನಿಮಾಗಳಿಗೆ ಇದರ ಎರಡರಷ್ಟು ಇದ್ದರೆ ಚೆನ್ನ, ಸಾವಿರ ಎಂದಿಟ್ಟುಕೊಳ್ಳಿ. ಹಳತಾದಂತೆ ಮಂಕಾಗುವುದಕ್ಕೂ ಸೇರಿಸಿ 1,000ದಿಂದ 1,500 ಲ್ಯೂಮೆನ್, ಅದೂ ಸಿನಿಮಾ ಮೋಡಿನಲ್ಲಿ, ಇದ್ದರೆ ನಿಮಗೆ ಧಾರಾಳ.

ಸಿನಿಮಾ ಮೋಡ್ ಎಂದು ಒತ್ತಿ ಹೇಳಲು ಕಾರಣವಿದೆ. ಡಬ್ಬದ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ ಹಸಿರು ಬಣ್ಣ ಎದ್ದು ಕಾಣುವ ಅತಿ ಪ್ರಖರ ಮೋಡಿನದು, ಅದರಲ್ಲಿ ಯಾರೂ ಸಿನಿಮಾ ನೋಡುವುದಿಲ್ಲ. ಬಣ್ಣ ಸರಿಯಿರುವ ಮೋಡಿಗೆ ಬಂದರೆ ಎಷ್ಟೋ ಮಾದರಿಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ ಎಂದು ಬರೆದಿದ್ದರೆ ಅದಕ್ಕೊಂದು ಅಳತೆಯ ಕ್ರಮವಿದೆ. "ಎಲ್‌ಇಡಿ ಲ್ಯೂಮೆನ್", "ಲೈಟ್ ಸೋರ್ಸ್ ಲ್ಯೂಮೆನ್" ಎಂದಿದ್ದರೆ ಅದನ್ನು ಹೋಲಿಕೆಗೆ ಬಳಸಬೇಡಿ. ಕೆಲವು ಡಿಎಲ್‌ಪಿಗಳ ಬಣ್ಣದ ಚಕ್ರದಲ್ಲಿ ಬಿಳಿಯ ಭಾಗವೊಂದಿರುತ್ತದೆ. ಅದು ಬಿಳಿಯ ಅಂಕಿಯನ್ನು ಹಿಗ್ಗಿಸುತ್ತದೆ, ಬಣ್ಣಗಳು ಅಷ್ಟು ಬೆಳಗುವುದಿಲ್ಲ.

ಲ್ಯೂಮೆನ್ ಹೆಚ್ಚಿಸಿ ಕತ್ತಲೆ ತರಲಾಗದು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಎಸೆಯುವ ಶಕ್ತಿಯಿಲ್ಲ. ದೀಪ ಹೊತ್ತಿದ ಕೋಣೆಯಲ್ಲಿ ಬರಿಯ ಪರದೆ ಎಷ್ಟು ಬೆಳ್ಳಗೆ ಕಾಣುತ್ತದೋ, ಸಿನಿಮಾದ ರಾತ್ರಿಯೂ ಅಷ್ಟೇ ಬೆಳ್ಳಗಿರುತ್ತದೆ. ಹಾಗಾಗಿ ಮೊದಲ ಖರ್ಚು ಕಿಟಕಿಗೆ ಆಗಲಿ: ಬೆಳಕು ಹಾಯದ ದಪ್ಪ ಪರದೆ, ಕಿಟಕಿಯ ಚೌಕಟ್ಟಿಗಿಂತ ಎಲ್ಲ ಕಡೆಯೂ ಅರ್ಧ ಅಡಿ ಅಗಲವಾಗಿ. ಎರಡನೆಯ ಖರ್ಚು ಬಣ್ಣಕ್ಕೆ. ನಿಮ್ಮಲ್ಲಿ ಸೂರು, ಗೋಡೆ ಬಿಳಿಯಾಗಿದ್ದರೆ ಪರದೆಯ ಬೆಳಕು ಅವುಗಳಿಗೆ ಬಡಿದು ಮತ್ತೆ ಪರದೆಗೇ ಬಂದು ಬೀಳುತ್ತದೆ. ಕತ್ತಲೆಯ ಗುಹೆಯಲ್ಲಿ ಒಬ್ಬ ಪಂಜು ಹಿಡಿದು ನಿಂತಿರುವ ದೃಶ್ಯ ಹಾಕಿ, ಪರದೆ ಬಿಟ್ಟು ಸೂರನ್ನು ನೋಡಿ. ಆ ಪಂಜಿನ ಬೆಳಕು ಅಲ್ಲೂ ಮಿನುಗುತ್ತಿರುತ್ತದೆ. ಅದೇ ಬೆಳಕು ವಾಪಸ್ ಬಂದು ಗುಹೆಯ ಕಪ್ಪನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಎಷ್ಟು ದುಬಾರಿ ಪ್ರೊಜೆಕ್ಟರ್ ತಂದರೂ ಈ ನಷ್ಟ ತಪ್ಪದು. ಇಡೀ ಕೋಣೆಗೆ ಗಾಢ ಬಣ್ಣ ಬಳಿಯಲು ಮನೆಯವರು ಒಪ್ಪದಿದ್ದರೆ ಪರದೆಯ ಕಡೆಯ ನಾಲ್ಕೈದು ಅಡಿಯಷ್ಟಾದರೂ ಸೂರು ಮತ್ತು ಪಕ್ಕದ ಗೋಡೆಗಳಿಗೆ ಹೊಳಪಿಲ್ಲದ ಗಾಢ ಬೂದು, ಕಡುನೀಲಿ ಅಥವಾ ಕಂದು ಬಳಿಯಿರಿ. ಮೊದಲ ಆದ್ಯತೆ ಸೂರಿಗೆ.

ಕತ್ತಲ ಕೋಣೆಯಲ್ಲಿ ಪರದೆ ಸಾದಾ ಬಿಳಿಯದೇ ಸಾಕು: ಗೇನ್ 1.0ರ ಆಸುಪಾಸು, ಚೌಕಟ್ಟಿಗೆ ಬಿಗಿದು ಕಟ್ಟಿದ್ದು, ಸುತ್ತ ಕಪ್ಪು ವೆಲ್ವೆಟ್ ಅಂಚು. ಸುರುಳಿ ಬಿಚ್ಚುವ ಅಗ್ಗದ ಪರದೆಗಳಲ್ಲಿ ಕಾಲ ಕಳೆದಂತೆ ಅಲೆ ಏಳುತ್ತದೆ.

ಯಾವ ತಂತ್ರಜ್ಞಾನ?

ಅಗಲ ಪರದೆಯ ಸಿನಿಮಾಗಳು ಹೆಚ್ಚಾಗಿ 2.39:1 ಆಕಾರದವು. ನಿಮ್ಮ 8 ಅಡಿ ಅಗಲದ ಪರದೆಯಲ್ಲಿ ಅಂಥ ಚಿತ್ರದ ಎತ್ತರ ಮೂರು ಅಡಿ ನಾಲ್ಕು ಇಂಚು, ಉಳಿದದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ. ಆ ಪಟ್ಟಿ ಕಪ್ಪಾಗಿಯೇ ಕಾಣುತ್ತದೋ ಬೂದಾಗಿ ತೇಲುತ್ತದೋ ಎಂಬುದರಲ್ಲಿ ಪ್ರೊಜೆಕ್ಟರಿನ ನಿಜವಾದ ಕಾಂಟ್ರಾಸ್ಟ್ ಗೊತ್ತಾಗಿಬಿಡುತ್ತದೆ. ಡಬ್ಬದ ಮೇಲೆ ಹತ್ತು ಲಕ್ಷಕ್ಕೆ ಒಂದು ಎಂದು ಬರೆದಿರುವುದು ಡೈನಾಮಿಕ್ ಅಂಕಿ. ಪೂರ್ತಿ ಕಪ್ಪು ಬಂದಾಗ ದೀಪವನ್ನೇ ತಗ್ಗಿಸಿ ಅಳೆದದ್ದು. ನೀವು ಕೇಳಬೇಕಾದ್ದು ನೇಟಿವ್ ಕಾಂಟ್ರಾಸ್ಟ್, ಅಂದರೆ ದೀಪ ತಗ್ಗಿಸದೆ ಅಳೆದದ್ದು.

ಇದರಲ್ಲಿ ಎಲ್‌ಸಿಒಎಸ್ (ಸಿಲಿಕಾನ್ ಮೇಲಿನ ದ್ರವಸ್ಫಟಿಕದಿಂದ ಬೆಳಕನ್ನು ಪ್ರತಿಫಲಿಸುವ) ಬಗೆಯವು ಮುಂದು. ಜೆವಿಸಿ ಇದನ್ನು ಡಿ-ಐಎಲ್‌ಎ ಎಂದೂ, ಸೋನಿ ಎಸ್‌ಎಕ್ಸ್‌ಆರ್‌ಡಿ ಎಂದೂ ಕರೆಯುತ್ತದೆ. ಬೆಲೆಯೂ ಮುಂದು. ನಂತರದ್ದು ಎಪ್ಸನ್ ಹೆಚ್ಚಾಗಿ ಬಳಸುವ 3ಎಲ್‌ಸಿಡಿ: ಮೂರು ಬಣ್ಣಕ್ಕೂ ಪ್ರತ್ಯೇಕ ಪ್ಯಾನಲ್, ಬಣ್ಣದ ಬೆಳಕು ಬಿಳಿಯಷ್ಟೇ, ಮೇಲ್ದರ್ಜೆಯ ಮಾದರಿಗಳಲ್ಲಿ ಮೋಟರಿನಿಂದ ಸರಿಯುವ ಧಾರಾಳ ಲೆನ್ಸ್ ಶಿಫ್ಟ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸೂಕ್ಷ್ಮ ಕನ್ನಡಿಗಳ ಚಿಪ್ಪಿನ ಮೇಲೆ ನಡೆಯುವ ಡಿಎಲ್‌ಪಿ ಚಿತ್ರವನ್ನು ಬಲು ಸ್ಪಷ್ಟವಾಗಿ ಕೆತ್ತುತ್ತದೆ, ಆಟವಾಡುವವರಿಗೆ ವಿಳಂಬ ಕಡಿಮೆ. ಆದರೆ ಒಂದೇ ಚಿಪ್ ಇರುವುದರಿಂದ ಬಣ್ಣಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತದೆ, ಕೆಲವರ ಕಣ್ಣಿಗೆ ಅದು ಕಾಮನಬಿಲ್ಲಿನ ಗೆರೆಗಳಾಗಿ ಹೊಳೆಯುತ್ತದೆ. ಅಂಗಡಿಯಲ್ಲಿ ಕಪ್ಪು ಹಿನ್ನೆಲೆಯ ಬಿಳಿ ಸಬ್‌ಟೈಟಲ್ ಹಾಕಿಸಿ, ಪರದೆಯ ಎಡದಿಂದ ಬಲಕ್ಕೆ ಕಣ್ಣನ್ನು ಸರ್ರನೆ ಹೊರಳಿಸಿ. ಕೆಂಪು, ಹಸಿರು, ನೀಲಿ ಚೂರುಗಳು ಕಂಡರೆ ಡಿಎಲ್‌ಪಿ ಬೇಡ. ನಿಮಗೆ ಕಾಣದಿದ್ದರೂ ಮನೆಯಲ್ಲಿ ಇನ್ನೊಬ್ಬರಿಗೆ ಕಾಣಬಹುದು, ಅವರನ್ನೂ ಕರೆದೊಯ್ಯಿರಿ.

4ಕೆ ವಿಷಯ ಚುಟುಕಾಗಿ ಹೇಳುತ್ತೇನೆ. 37 ಡಿಗ್ರಿ ಅಗಲದ ಚಿತ್ರದಲ್ಲಿ 1080ಪಿ (ಸಾಲಿಗೆ 1920 ಚುಕ್ಕೆ, 4ಕೆಯಲ್ಲಿ ಅದರ ಎರಡರಷ್ಟು) ಎಂದರೆ ಡಿಗ್ರಿಗೆ ಸುಮಾರು 52 ಚುಕ್ಕೆ. ಆರೋಗ್ಯವಂತ ಕಣ್ಣು ಗುರುತಿಸಬಲ್ಲದ್ದು ಸುಮಾರು 60. ಹಾಗಾಗಿ 4ಕೆಯಿಂದ ಲಾಭವಿದೆ, ಆದರೆ ಅಗಾಧವಲ್ಲ. ಅರ್ಧ ಇಂಚಿಗೂ ಚಿಕ್ಕದಾದ 1080ಪಿ ಚಿಪ್ಪಿನ ಚಿತ್ರವನ್ನು ನಾಲ್ಕು ಸ್ಥಾನಗಳಿಗೆ ಅತಿ ವೇಗವಾಗಿ ಸರಿಸಿ 83 ಲಕ್ಷ ಚುಕ್ಕೆ ಮೂಡಿಸುವ ಡಿಎಲ್‌ಪಿಗಳೂ ಈ ದೂರದಿಂದ ಚೆನ್ನಾಗಿಯೇ ಕಾಣುತ್ತವೆ. ಬೆಲೆ ಒಂದೇ ಇದ್ದು, ಒಂದರಲ್ಲಿ ಕಾಂಟ್ರಾಸ್ಟ್, ಇನ್ನೊಂದರಲ್ಲಿ ಚುಕ್ಕೆಗಳ ಸಂಖ್ಯೆ ಹೆಚ್ಚಿದ್ದರೆ ನಾನು ಕಾಂಟ್ರಾಸ್ಟ್ ಕಡೆಗೆ.

ಲೇಸರೋ ದೀಪವೋ? ದೀಪದ ಆಯಸ್ಸು ಸಾಮಾನ್ಯವಾಗಿ 3,000ದಿಂದ 5,000 ಗಂಟೆ, ಲೇಸರಿನದು 20,000. ಎರಡರಲ್ಲೂ ಆಯಸ್ಸು ಎಂದರೆ ಬೆಳಕು ಅರ್ಧಕ್ಕಿಳಿಯುವವರೆಗಿನ ಕಾಲ. ವಾರಕ್ಕೆ ಎರಡು ಸಿನಿಮಾ ನೋಡಿದರೆ ವರ್ಷಕ್ಕೆ 260 ಗಂಟೆಯಾಯಿತು. ದೀಪವೇ ಹತ್ತು ವರ್ಷ ದಾಟುತ್ತದೆ. ದಿನಕ್ಕೆ ಮೂರು ಗಂಟೆಯಾದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ದೀಪ ಬದಲಿಸಬೇಕು, ಆಗ ಲೇಸರ್ ಅನುಕೂಲ. ತಟ್ಟನೆ ಹೊತ್ತಿ ತಟ್ಟನೆ ಆರುವುದು, ನಿಧಾನವಾಗಿ ಮಂಕಾಗುವುದು ಲೇಸರಿನ ಗುಣ. ಆದರೆ ದೀಪದಂತೆ ಅದನ್ನು ಮನೆಯಲ್ಲೇ ಬದಲಿಸಲಾಗದು. ಮಕ್ಕಳಿರುವ ಮನೆಯಾದರೆ ಲೆನ್ಸಿನೊಳಗೆ ಇಣುಕದಂತೆ ಎಚ್ಚರ ಹೇಳಿ. ಏಳೂವರೆ ಅಡಿ ಎತ್ತರದ ಶೆಲ್ಫ್ ಇಲ್ಲೂ ಉಪಕಾರಕ್ಕೆ ಬರುತ್ತದೆ.

ನಿಮ್ಮ ಕೋಣೆಗೆ ನನ್ನ ತೀರ್ಮಾನ: ಉದ್ದ ಝೂಮ್ ಮತ್ತು ಶೇ. 80ಕ್ಕೆ ಕಡಿಮೆಯಿಲ್ಲದ ಲೆನ್ಸ್ ಶಿಫ್ಟ್ ಇರುವ 3ಎಲ್‌ಸಿಡಿ, ಕೈಗೆಟುಕಿದರೆ ಎಲ್‌ಸಿಒಎಸ್. ಹೊಸದು ದುಬಾರಿ ಎನಿಸಿದರೆ, ಬಳಸಿದ ಗಂಟೆಗಳನ್ನು ಮೆನುವಿನಲ್ಲಿ ನೋಡಿ ಒಂದು ಪೀಳಿಗೆ ಹಿಂದಿನ ಒಳ್ಳೆಯ ಮಾದರಿಯನ್ನು ಕೊಂಡರೂ ನಷ್ಟವಿಲ್ಲ.

ಗೋಡೆ ಮುಚ್ಚುವ ಮುನ್ನ

ಪ್ಲಗ್ ಪಾಯಿಂಟ್ ಶೆಲ್ಫಿನ ಪಕ್ಕದಲ್ಲೇ ಇರಲಿ. ಹಿಂದಿನ ಗೋಡೆಯಿಂದ ಮುಂದಿನ ಉಪಕರಣಗಳವರೆಗೆ ಎಚ್‌ಡಿಎಂಐ ತಂತಿ ಗೋಡೆಗುಂಟ ಸುತ್ತಿ ಹೋದರೆ 30 ಅಡಿ ದಾಟುತ್ತದೆ. 4ಕೆ ಚಿತ್ರಕ್ಕೆ ಬೇಕಾಗಬಹುದಾದ ಸೆಕೆಂಡಿಗೆ 18 ಗಿಗಾಬಿಟ್ ವೇಗವನ್ನು ಸಾದಾ ತಾಮ್ರದ ತಂತಿ ಅಷ್ಟು ದೂರ ನೆಚ್ಚಿಕೆಯಿಂದ ಒಯ್ಯುವುದಿಲ್ಲ. ಚಿತ್ರ ಆಗಾಗ ಮಾಯವಾಗುತ್ತದೆ, ಚುಕ್ಕೆಗಳು ಮಿಂಚುತ್ತವೆ. ಆಪ್ಟಿಕಲ್ ಎಚ್‌ಡಿಎಂಐ ತಂತಿ ಹಾಕಿಸಿ. ಅದಕ್ಕೆ ದಿಕ್ಕಿದೆ, ಒಂದು ತುದಿ ಪ್ಲೇಯರಿಗೆ, ಇನ್ನೊಂದು ಪ್ರೊಜೆಕ್ಟರಿಗೆ. ಉಲ್ಟಾ ಎಳೆದರೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಪೈಪಿನೊಳಗೆ ಎಳೆಯುವ ಮುನ್ನವೇ ನೆಲದ ಮೇಲೆ ಹಾಸಿ ಚಾಲೂ ಮಾಡಿ ಪರೀಕ್ಷಿಸಿ. ಪೈಪ್ ಒಂದೂವರೆ ಇಂಚಿಗಿಂತ ಕಿರಿದಾಗದಿರಲಿ, ಪ್ಲಗ್ಗಿನ ತಲೆ ಹಾಯಬೇಕು. ಮುಂದೆಂದಾದರೂ ತಂತಿ ಬದಲಿಸಲು ಪೈಪಿನಲ್ಲಿ ಒಂದು ನೈಲಾನ್ ದಾರ ಬಿಟ್ಟಿರಿ.

ಪ್ರೊಜೆಕ್ಟರ್ ಗಾಳಿ ಎಲ್ಲಿಂದ ಎಳೆಯುತ್ತದೆ, ಎಲ್ಲಿಗೆ ಬಿಡುತ್ತದೆ ಎಂದು ಕೈಪಿಡಿಯಲ್ಲಿ ನೋಡಿ. ಬಿಸಿಗಾಳಿ ಹೊರಬರುವ ಕಡೆ ಒಂದು ಅಡಿಯಾದರೂ ಬಯಲಿರಲಿ. ಅಂದಕ್ಕೆಂದು ಮರದ ಪೆಟ್ಟಿಗೆಯಲ್ಲಿ ಮುಚ್ಚಬೇಡಿ. ಮುಂದೆ ಸೂರಿಗೆ ತೂಗುಹಾಕುವ ಮನಸ್ಸಾದರೆ ಬೋಲ್ಟು ಕಾಂಕ್ರೀಟಿಗೇ ಹೋಗಲಿ, ಫಾಲ್ಸ್ ಸೀಲಿಂಗಿನ ಹಲಗೆ ಆ ಭಾರ ಹೊರಲಾರದು.

ಜೋಡಿಸುವ ದಿನ ಮೊದಲು ಪ್ರೊಜೆಕ್ಟರನ್ನು ಶೆಲ್ಫಿನ ಮೇಲೆ ನೀರುಮಟ್ಟ ಹಿಡಿದು ಸಮತಟ್ಟಾಗಿ ಕೂರಿಸಿ. ಮೆನುವಿನಲ್ಲಿ ಕೀಸ್ಟೋನ್ ಸೊನ್ನೆಯಲ್ಲಿದೆಯೇ, ತಾನಾಗಿ ಸರಿಪಡಿಸುವ ಆಯ್ಕೆ ಬಂದ್ ಆಗಿದೆಯೇ ನೋಡಿ. ಚೌಕಗಳ ಪರೀಕ್ಷಾ ಚಿತ್ರವನ್ನು ಬರಿಯ ಗೋಡೆಯ ಮೇಲೆ ಬಿಡಿ. ಎಡ ಅಂಚು, ಬಲ ಅಂಚು ಎರಡನ್ನೂ ಟೇಪಿನಲ್ಲಿ ಅಳೆಯಿರಿ. ಒಂದು ಬದಿ ಉದ್ದ ಬಂದರೆ ಪ್ರೊಜೆಕ್ಟರಿನ ಮೂತಿ ತುಸು ಪಕ್ಕಕ್ಕೆ ತಿರುಗಿದೆ ಎಂದರ್ಥ. ಪೆಟ್ಟಿಗೆಯನ್ನೇ ತಿರುಗಿಸಿ ಸರಿಮಾಡಿ. ಮೇಲಂಚು, ಕೆಳಅಂಚು ಸಮವಿಲ್ಲದಿದ್ದರೆ ಕಾಲುಗಳ ತಿರುಪು ಹೊಂದಿಸಿ. ಚಿತ್ರ ನಾಲ್ಕೂ ಕಡೆ ಸರಿಯಾದ ಮೇಲೆ ಮೂಲೆಗಳನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ, ಆ ಗುರುತಿಗೆ ಪರದೆಯ ಚೌಕಟ್ಟನ್ನು ಕಟ್ಟಿ. ಅಂತಿಮ ಫೋಕಸ್ ಮಾತ್ರ ಆತುರದಲ್ಲಿ ಮಾಡಬೇಡಿ. ಲೆನ್ಸ್ ಬಿಸಿಯಾದಂತೆ ಫೋಕಸ್ ಸ್ವಲ್ಪ ಜಾರುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಪರದೆಯ ಹತ್ತಿರ ಒಬ್ಬರು ನಿಂತು ಸಣ್ಣ ಅಕ್ಷರಗಳ ಅಂಚು ನೋಡುತ್ತಾ ಹೇಳಲಿ, ಇನ್ನೊಬ್ಬರು ಹೊಂದಿಸಲಿ.